ಊರಿಗೆ ಬಾರದ ಧಣಿಯ ಸೀನು

ನಮ್ಮೂರಿನಲ್ಲಿ ಧಣಿ ಸೀನಿದರೆ ಅವನ ಕೈಕೆಳಗಿನವರೆಲ್ಲ ಸೀನುತ್ತಾರೆ. ಧಣಿ ಎದುರಿಗೇ ಇರಲಿ, ಹೊಳೆಯಾಚೆ ಬೀಗರ ಮನೆಯಲ್ಲಿ ಉಣ್ಣುತ್ತಿರಲಿ, ಅವನಿಗೆ ಬಂದ ಸೀನು ಅದೇ ಗಳಿಗೆಯಲ್ಲಿ ಇವರಿಗೂ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಕ್ಷೌರದಂಗಡಿಯ ಧಣಿ ಕೆಲಸಗಾರರಿಗೆ ಕಾಣುವ ಹಾಗೆಯೇ ಕೂಡಬೇಕು, ಮೂಗು ತುರಿಸಿದ ಕೂಡಲೇ ಕೈ ಎತ್ತಬೇಕು. ಅವನು ಕೈ ಎತ್ತಿದರೆ ಕತ್ತಿಗಳೆಲ್ಲ ಗಿರಾಕಿಗಳ ಗಲ್ಲದಿಂದ ಮೇಲೇಳುತ್ತವೆ. ಅಕ್ಕಿ ಗಿರಣಿಯ ಧಣಿಗೆ ನೆಗಡಿಯಾದರೆ ಗಿರಣಿಗೇ ರಜೆ. ಮೂರು ಮನೆಯ ಮುಸುರೆ ತಿಕ್ಕುವ ಹೆಂಗಸರು ಮೂರು ಮನೆಯ ಸೀನನ್ನೂ ಸೀನಬೇಕಾಗಿರುವುದರಿಂದ, ಕೆಲಸ ಒಪ್ಪುವ ಮೊದಲು ಮನೆಯಲ್ಲಿ ಬೆಕ್ಕು ಇದೆಯೇ ಎಂದು ಕೇಳುತ್ತಾರೆ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಅವನ ಸಾಹೇಬರ ಮೂಗು ಹೇಗೆ ಎಂದು ವಿಚಾರಿಸುತ್ತಾರೆ. ಹೊರಡುವ ಹೊತ್ತಿಗೆ ಒಂಟಿ ಸೀನು ಬಂದರೆ ಉಳಿದ ಊರಿನವರಂತೆ ನಾವೂ ಕೂತು ನೀರು ಕುಡಿಯುತ್ತೇವೆ. ಆದರೆ ಅದಕ್ಕೂ ಮೊದಲು, "ನಿಂದೋ, ಧಣೀದೋ?" ಎಂದು ಯಾರಾದರೂ ಕೇಳುತ್ತಾರೆ. ಧಣಿಯದಾದರೆ ಅಪಶಕುನವೂ ಧಣಿಯದೇ. ನಾವು ಚಪ್ಪಲಿ ಮೆಟ್ಟಿ ನಡೆಯುತ್ತೇವೆ.

ಕೆಲಸ ಬಿಟ್ಟವರಿಗೆ ಸೀನು ಬರುವುದು ಅಂದಿನಿಂದಲೇ ನಿಲ್ಲುತ್ತದೆ. ನಿವೃತ್ತರಾದ ಗುಮಾಸ್ತರು ಹಾರ ಹಾಕಿಸಿಕೊಂಡು ಮನೆಗೆ ಬಂದು, ಮೂಗಿನಲ್ಲಿ ಏನೋ ಖಾಲಿ ಎನಿಸುತ್ತದೆಂದು ಹೆಂಡತಿಯ ಹತ್ತಿರ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ. ನಾನು ಇಲ್ಲಿನ ಪತ್ರಿಕೆಯಲ್ಲಿ ವರದಿಗಾರ. ನಮ್ಮ ಧಣಿಗೆ ನಶ್ಯದ ಚಟ. ನಮ್ಮ ಪತ್ರಿಕೆಯಲ್ಲಿ ಅಚ್ಚಿನ ತಪ್ಪು ಜಾಸ್ತಿ ಎಂದು ದೂರುವ ಓದುಗರಿಗೆ ಇದಕ್ಕಿಂತ ಬೇರೆ ಉತ್ತರ ನಮ್ಮಲ್ಲಿಲ್ಲ.

ಇಂಥ ಊರಿಗೆ ತಟ್ಟಂತ ಎಂಬ ಕಂಪನಿ ಬಂತು. ಫೋನಿನಲ್ಲಿ ಒತ್ತಿದರೆ ಸಾಕು, ಖಾನಾವಳಿಯ ಊಟ, ಕೆಮ್ಮಿನ ಔಷಧ, ಮಲ್ಲಿಗೆ ಮಾಲೆ, ಸಂಬಂಧಿಕರ ಮನೆಯಲ್ಲಿ ಮರೆತ ಕೊಡೆ, ಎಲ್ಲವೂ ಬಾಗಿಲಿಗೆ ಬರುತ್ತಿದ್ದವು. ತರುವವರಿಗೆ ನಿಂಬೆಹಣ್ಣಿನ ಬಣ್ಣದ ಅಂಗಿ. ಬಸ್ ನಿಲ್ದಾಣದ ಎದುರು, ಮಹಡಿಯ ಮೇಲೆ, ಗಾಜಿನ ಕೋಣೆಯಲ್ಲಿ ಕಚೇರಿ. ಅದರ ಮ್ಯಾನೇಜರ್ ಸುಧನ್ವಮೂರ್ತಿ ಎಂಬ ಪರ ಊರಿನವರು. ಟೈ ಕಟ್ಟುತ್ತಿದ್ದರು. ಅಲ್ಲಿಯವರೆಗೆ ನಮ್ಮೂರಿನಲ್ಲಿ ಟೈ ಕಟ್ಟುತ್ತಿದ್ದವರು ಮದುವೆಯ ಬ್ಯಾಂಡಿನವರು ಮಾತ್ರ.

ಬೈಕು, ಸ್ಕೂಟರ್ ಇದ್ದವರನ್ನೆಲ್ಲ ಕರೆದು ಕೂಡಿಸಿ ಮೂರ್ತಿ ಮೊದಲ ದಿನವೇ ಹೇಳಿದರು: "ಒಂದು ವಿಷಯ ಸ್ಪಷ್ಟವಾಗಿರಲಿ. ನೀವ್ಯಾರೂ ನಮ್ಮ ನೌಕರರಲ್ಲ. ಸ್ವತಂತ್ರ ಪಾಲುದಾರರು. ನಿಮಗೆ ಧಣಿ ಇಲ್ಲ. ನಿಮಗೆ ನೀವೇ ಧಣಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಮೌಲಾಲಿ ಕೈ ಎತ್ತಿದ. ಟಾಂಗಾ ಹೊಡೆಯುತ್ತಿದ್ದವರ ಮನೆತನ, ಬಾಯಿಗೆ ಬೀಗವಿಲ್ಲ. "ಹಂಗಾದ್ರ ಸೀನು ಯಾರದು ಬರತೈತ್ರಿ ಸಾಹೇಬ್ರ?"

"ಯಾವ ಸೀನು?" ಎಂದರು ಮೂರ್ತಿ. ಅವರು ಊರಿಗೆ ಬಂದು ಒಂದೇ ರಾತ್ರಿ ಕಳೆದಿತ್ತು.

ಯಾವ ಸೀನೆಂಬುದು ವಾರದೊಳಗೆ ಗೊತ್ತಾಯಿತು. ಗಾಂಧಿ ಚೌಕದ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದ ನಿಂಬೆಹಣ್ಣಿನ ಅಂಗಿಗಳೆಲ್ಲ ಒಂದೇ ಸಲಕ್ಕೆ ಆಕ್ಷಿ ಎಂದವು. ಮತ್ತೆ ಆಕ್ಷಿ, ಮತ್ತೊಮ್ಮೆ ಆಕ್ಷಿ. ಪಕ್ಕದ ಓಣಿಯಲ್ಲಿ ಇಡ್ಲಿ ಒಯ್ಯುತ್ತಿದ್ದವನೂ ಅದೇ ಹೊತ್ತಿಗೆ ಸೀನಿದ. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಮೂರು ಸೀನು ತಪ್ಪುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಇನ್ನೂ ಹೆಚ್ಚು. ಧಣಿ ಉಂಡು ಫ್ಯಾನಿನ ಕೆಳಗೆ ಮಲಗುತ್ತಾನೆ, ಭಾನುವಾರ ಕಪಾಟು ಝಾಡಿಸುತ್ತಾನೆ ಎಂದು ಜನ ಲೆಕ್ಕ ಹಾಕಿದರು. ಆ ಧಣಿ ಯಾರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಟೈ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತವರು ಊರಿನಲ್ಲಿ ಒಬ್ಬರೇ ಇದ್ದರು.

ಕಂಪನಿ ಒಪ್ಪಲಿಲ್ಲ. ಪಾಲುದಾರರು ಇಡೀ ದಿನ ರಸ್ತೆಯ ಮೇಲಿರುತ್ತಾರೆ, ರಸ್ತೆಯಲ್ಲಿ ಧೂಳಿದೆ, ಧೂಳಿಗೆ ಸೀನು ಬರುತ್ತದೆ ಎಂದು ಅದು ನಮ್ಮ ಪತ್ರಿಕೆಗೇ ಹೇಳಿಕೆ ಕೊಟ್ಟಿತು. ನಾವು ಅದನ್ನು ಮೂರನೆಯ ಪುಟದಲ್ಲಿ ಹಾಕಿದೆವು.

ಕಸ್ತೂರಿ ಬಿದ್ದದ್ದು ಇದಾದ ಮೇಲೆ. ನನ್ನ ಬಾಡಿಗೆ ಕೋಣೆಯ ಎದುರು ಮನೆಯವಳು ಈ ಕಸ್ತೂರಿ. ತಟ್ಟಂತದಲ್ಲಿ ಸ್ಕೂಟರ್ ಓಡಿಸುತ್ತಿದ್ದ ಒಬ್ಬಳೇ ಹೆಂಗಸು. ಮೊಸರಿನ ಗಡಿಗೆಯನ್ನು ಕೆನೆ ಒಡೆಯದ ಹಾಗೆ ತಲುಪಿಸುತ್ತಾಳೆಂದು ಹೆಸರು ಮಾಡಿದ್ದಳು. ಗಿರಾಕಿಗಳು ಬಾಗಿಲಲ್ಲೇ ಗಡಿಗೆಯ ಬಟ್ಟೆ ಬಿಚ್ಚಿ ಕೆನೆ ನೋಡಿ ತಲೆದೂಗುತ್ತಿದ್ದರು. ಅಂದು ಒಂದು ನಾಮಕರಣದ ಮನೆಗೆ ಗೋಧಿ ಹುಗ್ಗಿಯ ಪಾತ್ರೆ ಒಯ್ಯುತ್ತಿದ್ದಳು. ಹಿಟ್ಟಿನ ಗಿರಣಿಯ ಇಳಿಜಾರಿನಲ್ಲಿ ಸೀನು ಬಂತು. ಮೊದಲನೆಯದಕ್ಕೆ ಬ್ರೇಕು ಹಿಡಿದಳು. ಎರಡನೆಯದಕ್ಕೆ ಎಮ್ಮೆ ಕಂಡಿತು. ಮೂರನೆಯದಕ್ಕೆ ಅವಳು, ಹುಗ್ಗಿ, ಎಮ್ಮೆ ಮೂವರೂ ಒಂದೇ ಕಡೆ ಇದ್ದರು. ಎಮ್ಮೆಗೆ ಏನೂ ಆಗಲಿಲ್ಲ. ಅದು ಹುಗ್ಗಿ ತಿಂದಿತು. ಕಸ್ತೂರಿಯ ಬಲಗೈ ಮಣಿಕಟ್ಟು ಮುರಿಯಿತು.

ರಸ್ತೆಯ ಮೇಲೆ ಬಿದ್ದ ಫೋನು, 'ನಿಮ್ಮ ಗ್ರಾಹಕರು ಕಾಯುತ್ತಿದ್ದಾರೆ' ಎಂದು ಹೇಳುತ್ತಲೇ ಇತ್ತು. ಮರುದಿನ ಸಂಜೆ, 'ನಿಮ್ಮ ಪಾಲುದಾರಿಕೆ ಮುಗಿದಿದೆ, ಶುಭವಾಗಲಿ' ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ನಮ್ಮೂರಿನ ಹಳೆಯ ಕಟ್ಟಳೆ ಸರಳವಾಗಿದೆ. ಧಣಿಯ ಸೀನಿನಿಂದ ಆಳಿಗೆ ಪೆಟ್ಟಾದರೆ, ಆಳು ಗುಣವಾಗುವವರೆಗೆ ಅವನ ಜಾಗ ಅವನದೇ. ಧಣಿ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಆದರೆ ಧಣಿಯೇ ಇಲ್ಲದಿದ್ದರೆ ಜಾಗವೂ ಇಲ್ಲ. ಆಗ ಕಸ್ತೂರಿ ತನ್ನ ಸೀನನ್ನು ತಾನೇ ಸೀನಿ, ತನ್ನ ಸ್ಕೂಟರಿನಿಂದ ತಾನೇ ಬಿದ್ದ ಹಾಗಾಗುತ್ತದೆ.

ನಾನು ನೋಡಲು ಹೋದಾಗ ಅವಳು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಹೊರಗೆ ಮೌಲಾಲಿಯ ಬೈಕು ಹಾದುಹೋಯಿತು. ಆಕ್ಷಿ, ಆಕ್ಷಿ, ಆಕ್ಷಿ. ಕಸ್ತೂರಿ ಮೂಗು ಮುಟ್ಟಿ ನೋಡಿಕೊಂಡಳು.

"ಕೈ ಮುರದದ್ದಕ್ಕ ನಾ ಅಳಂಗಿಲ್ಲರಿ ಅಣ್ಣಾರ," ಎಂದಳು. "ಮೂಗು ಸುಮ್ಮನಾಗೇತಿ ನೋಡ್ರಿ. ಅದಕ್ಕ ಹೊಟ್ಟಿ ಉರಿತೈತಿ. ಸೀನಿದ್ದು ಅವರು, ಬಿದ್ದದ್ದು ನಾನು. ಈಗ ಓಣ್ಯಾಗ ಏನಂತಾರ ಗೊತ್ತೇನು? ಕಸ್ತೂರಿಗೆ ಸ್ಕೂಟರ್ ಹೊಡಿಯಾಕ ಬರಂಗಿಲ್ಲ ಅಂತಾರ. ಕೆನಿ ಒಡೀದಂಗ ಮೊಸರು ಒಯ್ದಾಕಿಗೆ!"

"ಕಟ್ಟೆಗೆ ಹೋಗು," ಎಂದೆ.

"ಹೋಗಾಕೇನು, ಹೊಕ್ಕೀನಿ. ತೋರಸಾಕ ಸೀನ ಇಲ್ಲಲ್ಲ ನನ್ನ ಹಂತ್ಯಾಕ."

ಕಟ್ಟೆ ಎಂದರೆ ಹಳೆಯ ಪುರಸಭೆಯ ಅಂಗಳ. ಸೀನಿನ ವ್ಯಾಜ್ಯಗಳನ್ನು ಅಲ್ಲಿ ಇಂದುಮತಿಬಾಯಿ ತೀರ್ಮಾನಿಸುತ್ತಾರೆ. ಯಾರ ಕೈಕೆಳಗೂ ಕೆಲಸ ಮಾಡಿಲ್ಲದವರು, ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳದವರು ಮಾತ್ರ ಆ ಜಾಗದಲ್ಲಿ ಕೂಡಬೇಕು ಎಂದಿದೆ. ಅವರು ತಮ್ಮ ಪಾತ್ರೆ ತಾವೇ ತಿಕ್ಕಿಕೊಳ್ಳುತ್ತಾರೆ. ಪರೀಕ್ಷೆಯ ಕ್ರಮ ಹೀಗೆ: ಆಳುಗಳು ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂಡಬೇಕು. ಅವರ ಬೆನ್ನ ಹಿಂದೆ ಧಣಿ ನಶ್ಯ ಏರಿಸಿ ಸೀನಬೇಕು. ಗೋಡೆಯ ಕಡೆಯವರೂ ಅದೇ ಹೊತ್ತಿಗೆ ಸೀನಿದರೆ ಅವರು ಆಳುಗಳು, ಇವನು ಧಣಿ. ಕಂಡು ಕೇಳಿ ನಟಿಸುವವರನ್ನು ತಡೆಯಲು ಹಿರಿಯರು ಮಾಡಿಟ್ಟ ವ್ಯವಸ್ಥೆ ಅದು.

ವಿಚಾರಣೆಯ ದಿನ ಎಷ್ಟು ಜನ ಬರುತ್ತಾರೋ ಎಂದು ಕಸ್ತೂರಿಗೆ ಅಳುಕಿತ್ತು. ಕರೆದಾಗ ಹೋಗದಿದ್ದರೆ ಫೋನು ಮುನಿಯುತ್ತದೆ, ಮರುದಿನ ಕೆಲಸ ಕೊಡುವುದಿಲ್ಲ. ಆದರೂ ಮೌಲಾಲಿ ಎಲ್ಲರನ್ನೂ ಎಳೆದು ತಂದಿದ್ದ. ಗೋಡೆಯುದ್ದಕ್ಕೂ ನಿಂಬೆಹಣ್ಣಿನ ಅಂಗಿಗಳು ಕೂತವು. ತುದಿಯಲ್ಲಿ ಮನೆಯ ಸೀರೆಯಲ್ಲಿ ಕಸ್ತೂರಿ. ಅವರ ಫೋನುಗಳು ಒಂದರ ಹಿಂದೊಂದು ಕೂಗತೊಡಗಿದವು. ಇಂದುಮತಿಬಾಯಿ ಎಲ್ಲವನ್ನೂ ಇಸಿದುಕೊಂಡು ಒಂದು ತಾಮ್ರದ ಹಂಡೆಗೆ ಹಾಕಿ ಮುಚ್ಚಳ ಮುಚ್ಚಿಸಿದರು. ಹಂಡೆ ಒಳಗೊಳಗೇ ಹಾಡುತ್ತ ಕೂತಿತು.

ಮೂರ್ತಿ ಬಂದರು. ಟೈ ಬಿಗಿಯಾಗಿತ್ತು. "ಮೇಡಂ, ನಾನು ಸುಳ್ಳು ಹೇಳುವವನಲ್ಲ. ನಾನು ಇವರ ಧಣಿಯಲ್ಲ. ಬೇಕಾದರೆ ಡಬ್ಬಿ ಪೂರ್ತಿ ಏರಿಸುತ್ತೇನೆ. ಇನ್ನೊಂದು ಮಾತು. ಈ ಕಸ್ತೂರಿಯವರಿಗೆ ಈಗ ಸೀನೇ ಬರುವುದಿಲ್ಲವಂತೆ. ಹಾಗಿದ್ದ ಮೇಲೆ ನಿಮ್ಮೂರಿನ ಲೆಕ್ಕದಲ್ಲೇ ಅವರು ಯಾರ ನೌಕರರೂ ಅಲ್ಲವಲ್ಲ?"

"ಲೆಕ್ಕ ನಾ ಮಾಡತೀನಿ, ನೀವು ನಶ್ಯಾ ಏರಸ್ರಿ," ಎಂದರು ಇಂದುಮತಿಬಾಯಿ.

ಮೂರ್ತಿ ಡಬ್ಬಿಗಾಗಿ ಕೈ ಚಾಚುವ ಮೊದಲೇ ಗೋಡೆಯ ಕಡೆಯಿಂದ ಜೋರಾಗಿ ಒಂದು ಆಕ್ಷಿ ಕೇಳಿತು.

ಇಂದುಮತಿಬಾಯಿ ಎದ್ದು ಹೋಗಿ ಮೌಲಾಲಿಯ ಕಿವಿಯ ಹತ್ತಿ ತೆಗೆದರು. "ಮೌಲಾಲಿ, ಅವರಿನ್ನೂ ಡಬ್ಬಿ ಮುಟ್ಟಿಲ್ಲೋ."

"ಹೌದೇನ್ರಿ ಬಾಯಾರ? ನಾ ಅಂದಾಜಿಗೆ ಸೀನಿದೆ."

"ಅಂದಾಜಿಗೆ ಮಂದಿ ಲಗ್ನ ಆಗತಾರ, ಸೀನಂಗಿಲ್ಲ. ತಿರಗು ಗೋಡಿಕಡೆ."

ಆಗಲೇ ನನಗೂ ಒಂದು ಸೀನು ಬಂದು, ಎಲ್ಲರೂ ನನ್ನತ್ತ ತಿರುಗಿದರು. "ಇದು ಪತ್ರಿಕೆಯದು," ಎಂದೆ. ಪತ್ರಿಕೆಯದು ಲೆಕ್ಕಕ್ಕಿಲ್ಲ ಎಂದು ಇಂದುಮತಿಬಾಯಿ ಗಟ್ಟಿಯಾಗಿ ಹೇಳಿ ಸಭೆಯನ್ನು ಸಮಾಧಾನಪಡಿಸಿದರು.

ಮೂರ್ತಿ ಎರಡು ಚಿಟಿಕೆ ಏರಿಸಿದರು. ಅಭ್ಯಾಸವಿಲ್ಲದ ಮೂಗು. ಮೊದಲು ಕಣ್ಣು ಕೆಂಪಾದವು, ಕತ್ತು ಹಿಂದಕ್ಕೆ ಬಾಗಿತು, ಆಮೇಲೆ ಅಂಗಳದ ಪಾರಿವಾಳಗಳೆಲ್ಲ ಹಾರಿಹೋಗುವ ಹಾಗೆ ಸೀನಿದರು. ನಿಲ್ಲಿಸಲಾಗದೆ ಸೀನಿದರು, ಕಂಬ ಹಿಡಿದುಕೊಂಡು ಸೀನಿದರು. ಗೋಡೆಯ ಕಡೆ ಒಂದು ಬೆನ್ನೂ ಅಲುಗಲಿಲ್ಲ. ಒಬ್ಬ ಕತ್ತು ಕೆರೆದುಕೊಂಡ, ಅಷ್ಟೇ.

ಅಂಗಳದಲ್ಲಿ ನೆರೆದಿದ್ದ ಜನ ಉಸ್ಸೆಂದರು. ಇಷ್ಟು ದಿನ ಮೂರ್ತಿಯನ್ನು ಧಣಿ ಎಂದು ತಿಳಿದು ಹಾದಿಯಲ್ಲಿ ನಮಸ್ಕಾರ ಹೊಡೆದಿದ್ದವರಿಗೆ ನಷ್ಟವಾದಂತೆನಿಸಿತು. ಕಸ್ತೂರಿಗೆ ಏನೂ ಕೇಳಿಸಿರಲಿಲ್ಲ, ಏನೂ ಕಂಡಿರಲಿಲ್ಲ. ಆದರೆ ಪಕ್ಕದ ಮೌಲಾಲಿ ಅಲುಗದೆ ಕೂತದ್ದು ತಿಳಿಯಿತು. ಅವಳ ತಲೆ ಮೆಲ್ಲಗೆ ಬಗ್ಗಿದ್ದನ್ನು ನಾನು ನೋಡಿದೆ.

"ಆಯ್ತಲ್ಲ ಮೇಡಂ?" ಎಂದರು ಮೂರ್ತಿ, ಮೂಗು ಒರೆಸಿಕೊಳ್ಳುತ್ತ. ಗೆದ್ದವರ ಧ್ವನಿಯಲ್ಲಿ ಅಲ್ಲ, ಸುಸ್ತಾದವರ ಧ್ವನಿಯಲ್ಲಿ.

"ಚಾ ಕುಡೀರಿ. ಕುಡದ ಮ್ಯಾಲೆ ಹೇಳತೀನಿ," ಎಂದರು ಇಂದುಮತಿಬಾಯಿ. ಗೋಡೆಯ ಕಡೆಯವರನ್ನು ಎಬ್ಬಿಸಲು ಯಾರಿಗೂ ನೆನಪಾಗಲಿಲ್ಲ. ಅವರು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಕೂತಿದ್ದರು.

ಮೂರ್ತಿ ಕಪ್ಪನ್ನು ತುಟಿಗೆ ತಂದರು. ಅದು ಮಧ್ಯಾಹ್ನದ ಊಟ ಮುಗಿಯುವ ಹೊತ್ತು.

ಆಕ್ಷಿ ಎಂದಿತು ಗೋಡೆ, ತುದಿಯ ಕಸ್ತೂರಿಯೊಬ್ಬಳನ್ನು ಬಿಟ್ಟು ಉದ್ದಕ್ಕೂ, ಒಂದೇ ಸಲ. ಆಕ್ಷಿ ಎಂದರು ಮೂರ್ತಿ, ಚಹಾ ಟೈಯ ಮೇಲೆ ಹೋಯಿತು. ಎರಡನೆಯ ಸಲ ಗೋಡೆ ಸೀನಿತು, ಮೂರ್ತಿಯೂ ಸೀನಿದರು, ಕಪ್ಪು-ಬಸಿ ಕೆಳಗೆ ಬಿದ್ದವು. ಮೂರನೆಯ ಸಲಕ್ಕೆ ಮೂರ್ತಿ ಎರಡೂ ಕೈಯಿಂದ ಮೂಗು ಅದುಮಿ ಹಿಡಿದರು. ಸೀನು ಕಿವಿಯಿಂದ ಬಂದ ಹಾಗೆ ಕೇಳಿಸಿತು, ಆದರೆ ಬಂತು.

ಹಂಡೆ ಹಾಡುತ್ತಲೇ ಇತ್ತು.

"ನಶ್ಯದ್ದು ಇನ್ನೂ ಮೂಗಿನಲ್ಲಿದೆ ಮೇಡಂ," ಎಂದರು ಮೂರ್ತಿ.

"ಇರಲಿ. ದಿನಾ ಈ ಹೊತ್ತಿಗೆ ಸೀನತೀರೇನು?"

"ಅದು ಅಲರ್ಜಿ. ನಿಮ್ಮೂರಿಗೆ ಬಂದಾಗಿನಿಂದ ಶುರುವಾಗಿದೆ. ಡಾಕ್ಟರಿಗೂ ತೋರಿಸಿದ್ದೇನೆ, ಆವಿ ತಗೊಳ್ಳಿ ಅಂದಿದ್ದಾರೆ. ಧೂಳಿಗೆ..."

"ಗಾಜಿನ ಖೋಲಿ ಒಳಗ, ಕಿಟಕಿ ಮುಚ್ಚಿ, ತಂಪಿನ ಮಷೀನ್ ಹಚ್ಚಿ ಕೂಡತೀರಿ. ಅಲ್ಲಿ ಎಲ್ಲೀ ಧೂಳು?" ಇಂದುಮತಿಬಾಯಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಿಮ್ಮನ್ನ ಕೆಲಸಕ್ಕ ಇಟ್ಟವರ ಮಾರಿ ನೋಡೀರೇನು ಮೂರ್ತ್ಯಾರ?"

"ಇಲ್ಲ. ಎಲ್ಲ ಫೋನಿನಲ್ಲೇ ಆಯಿತು."

"ನಿಮಗ ಏನಂತ ಹೆಸರು ಕೊಟ್ಟಾರ?"

ಮೂರ್ತಿ ಟೈಯ ಮೇಲಿನ ಚಹಾ ಒರೆಸಿಕೊಂಡರು. "ಪ್ರಾದೇಶಿಕ ಸ್ವತಂತ್ರ ಪಾಲುದಾರ."

ಅಂಗಳ ಗೊಳ್ಳೆಂದಿತು. ಪಾರಿವಾಳಗಳು ಎರಡನೆಯ ಸಲ ಹಾರಿದವು. ಮೂರ್ತಿ ನಗಲಿಲ್ಲ. "ಮೇಡಂ, ನಾನೂ ಆ ಸಾಲಿನಲ್ಲಿ ಕೂತುಕೊಳ್ಳಬಹುದಾ?" ಎಂದು ಕೇಳಿದರು. ಯಾರೋ ಹತ್ತಿ ಕೊಟ್ಟರು. ಅವರು ಹೋಗಿ ಮೌಲಾಲಿಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಏನಾಯಿತೆಂದು ಗೊತ್ತಿಲ್ಲದ ಮೌಲಾಲಿ ತಿರುಗಿ ನೋಡಿ, ಹೌಹಾರಿ, ಎದ್ದು ನಿಂತು ಸಲಾಮು ಮಾಡಿದ.

ಇಂದುಮತಿಬಾಯಿಯ ತೀರ್ಪನ್ನು ನಾನು ಬರೆದುಕೊಂಡದ್ದು ಹೀಗಿದೆ: "ಧೂಳಿನ ನೆಪ ಹೊರಗ ಹೋತು. ಇವರೆಲ್ಲಾರಿಗೂ ಧಣಿ ಅದಾನ. ಈ ಊರಾಗಿಲ್ಲ, ಎಲ್ಲೋ ಅದಾನ, ಮೂಗು ಐತಿ. ಇವರು ಅವನ ಆಳುಗಳು, ಟೈ ಕಟ್ಟಿದವರೂ ಆಳ. ಇನ್ನ ಕಸ್ತೂರಿ ಮಾತು. ಆಕಿಗೆ ಸೀನು ಬರಲಿಲ್ಲ, ನಾನೂ ನೋಡೀನಿ. ಆದರ ಚೌಕದಾಗ ಇವರೆಲ್ಲಾರ ಜೋಡಿ ಆಕಿ ಸೀನಿದ್ದನ್ನ ಇಡೀ ಊರ ನೋಡೇತಿ. ಇಟಗೊಳ್ಳದವರನ್ನ ಬಿಡಸಾಕ ಬರತೈತೇನು? ಆಕಿ ಮೂಗಿನಿಂದ ಯಾರೋ ಸೀನು ಕಿತಗೊಂಡಾರ. ಕಿತಗೊಂಡದ್ದನ್ನ ತಿರಗಿ ಕೊಡಬೇಕು. ಆಕಿ ಬಿದ್ದದ್ದು ಧಣಿ ಸೀನಿಗೆ, ಆಕಿ ಕೈ ತಪ್ಪಿನಿಂದಲ್ಲ. ಇದನ್ನ ಓಣ್ಯಾಗ ಡಂಗುರ ಹೊಡಸ್ರಿ."

ಡಂಗುರ ಹೊಡೆಸಿದರು. ಮೊಸರಿನ ಮಾನ ಉಳಿಯಿತು. ಆದರೆ ಜಾಗ?

ತೀರ್ಪನ್ನು ಮೇಲಿನವರಿಗೆ ತಲುಪಿಸುವ ಕೆಲಸ ಮೂರ್ತಿಯ ಪಾಲಿಗೆ ಬಂತು. ಮೇಲೆ ಯಾರಿದ್ದಾರೆಂಬುದು ಅವರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಬರೆದು ಕಳಿಸಿದರು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದರು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಬಂತು. ಕಸ್ತೂರಿಯ ಜಾಗ ತಿರುಗಿ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಊರಿಗೆ ಉಳಿದದ್ದು ಒಂದೇ ದಾರಿ, ಅವಳ ಮೂಗು. ಮಧ್ಯಾಹ್ನವಾದರೆ ಓಣಿಯವರು ಏನಾದರೊಂದು ನೆಪ ಮಾಡಿ ಅವಳ ಮನೆಯ ಜಗುಲಿಯ ಮೇಲೆ ಬಂದು ಕೂಡುತ್ತಿದ್ದರು. ಬೀದಿಯಲ್ಲಿ ನಿಂಬೆಹಣ್ಣಿನ ಅಂಗಿಗಳು ಸೀನುತ್ತಿದ್ದವು, ಎಲ್ಲರೂ ಕಸ್ತೂರಿಯತ್ತ ನೋಡುತ್ತಿದ್ದರು, ಅವಳು ತಲೆಯಾಡಿಸುತ್ತಿದ್ದಳು. ಎದುರು ಮನೆಯ ಮುದುಕಿಯೊಬ್ಬಳು ಮೂಗಿಗೆ ಗರಿಕೆ ಎಸಳು ತೂರಿಸಿಕೋ ಎಂದು ಸಲಹೆ ಕೊಟ್ಟಳು. "ಅದು ಗರಿಕಿ ಸೀನಾಗತೈತಿ ಬೇ, ಕಂಪನೀದು ಆಗಂಗಿಲ್ಲ," ಎಂದಳು ಕಸ್ತೂರಿ. ದಿನಗಳು ಹೋದಂತೆ ಜಗುಲಿಯ ಮೇಲಿನ ಜನ ಕಡಿಮೆಯಾದರು. ಕೊನೆಗೆ ನಾನೊಬ್ಬ ಉಳಿದೆ. ನನಗೆ ವರದಿ ಪೂರ್ತಿಯಾಗಬೇಕಿತ್ತು.

ಒಂದು ಮಧ್ಯಾಹ್ನ ಮೂರ್ತಿ ಬಂದರು. ಟೈ ಇರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೂಡಲು ಹೇಳುವವರೆಗೆ ನಿಂತರು.

"ಕಸ್ತೂರಿಯವರೇ, ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಮೇಲಿನಿಂದ ಉತ್ತರ ಬಂದಿದೆ. ಇಂಥ ಹೆಸರಿನ ಪಾಲುದಾರರು ನಮ್ಮಲ್ಲಿ ಯಾವತ್ತೂ ಇರಲಿಲ್ಲ ಅಂತ ಹೇಳಿದ್ದಾರೆ. ನಾನು ಜಗಳ ಮಾಡಿದೆ. ನಿಜವಾಗಿ ಮಾಡಿದೆ. ಈಕೆ ಬರದಿದ್ದರೆ ನಾಳೆಯಿಂದ ಈ ಊರಿನ ಯಾರೂ ಗಾಡಿ ತೆಗೆಯುವುದಿಲ್ಲ, ನಾನೂ ಕಚೇರಿ ಬೀಗ ತೆಗೆಯುವುದಿಲ್ಲ ಅಂತ ಬರೆದೆ. ಅದಕ್ಕೆ ಏನೂ..."

ಕಸ್ತೂರಿ ಎಡಗೈಯಿಂದ ಅವರಿಗೆ ಚಹಾ ಬಗ್ಗಿಸುತ್ತಿದ್ದಳು. "ಇರಲಿ ಬಿಡ್ರಿ ಸಾಹೇಬ್ರ. ನೀವರ ಬಂದು ಹೇಳಿದ್ರಿ. ಮೊದಲ ಚಾ ತಗೋ..."

ಮಾತು ಮುಗಿಯಲಿಲ್ಲ. ಮೂರ್ತಿಯ ಮುಖ ಸೊಟ್ಟಗಾಯಿತು, ಕಸ್ತೂರಿಯ ಮುಖವೂ ಸೊಟ್ಟಗಾಯಿತು. ಇಬ್ಬರೂ ಒಟ್ಟಿಗೆ ಆಕ್ಷಿ ಎಂದರು. ಕೆಟಲು ಉರುಳಿತು. ಬೀದಿಯಲ್ಲಿ ಮೌಲಾಲಿಯ ಬೈಕು ಆಕ್ಷಿ ಎಂದು ನಿಂತಿತು. ಎರಡನೆಯದು. ಕಸ್ತೂರಿ ಕಣ್ಣು ಅಗಲಿಸಿ ನನ್ನತ್ತ ನೋಡಿದಳು, ಸಾಕ್ಷಿಗೆ ಎಂಬಂತೆ. ನಾನು ತಲೆಯಾಡಿಸಿದೆ. ಮೂರನೆಯದು ಮನೆಯೊಳಗೂ ಬೀದಿಯಲ್ಲೂ ಒಂದೇ ಗಳಿಗೆಗೆ ಬಂತು. ಎಲ್ಲೋ, ಯಾರೋ, ಊಟ ಮುಗಿಸಿ ಫ್ಯಾನಿನ ಕೆಳಗೆ ಒರಗಿದ್ದರು. ಬಾಯಿಯಿಂದ ಇಲ್ಲ ಎಂದವರ ಮೂಗು ಹೌದು ಎಂದಿತ್ತು.

ಮೌಲಾಲಿ ಬಾಗಿಲಿಗೆ ಓಡಿ ಬಂದು, "ಬಂತೇನ ಯಕ್ಕಾ?" ಎಂದ. ಚೆಲ್ಲಿದ ಚಹಾ, ಇಬ್ಬರ ಒದ್ದೆ ಮೂಗು ನೋಡಿ ಉತ್ತರಕ್ಕೆ ಕಾಯದೆ ಓಣಿಗೆ ಸುದ್ದಿ ಹೇಳಲು ಓಡಿದ.

ಕಸ್ತೂರಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಣ್ಣಿನಲ್ಲೂ ನೀರಿತ್ತು, ಸೀನಿದ ಯಾರಿಗಾದರೂ ಬರುವಂಥದ್ದು. ಗೋಡೆಗೆ ಒರಗಿ, ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ನಿಧಾನವಾಗಿ ಇಟ್ಟುಕೊಂಡು ಕಾಲು ಚಾಚಿದಳು.

"ಸಾಹೇಬ್ರ, ನನ್ನ ಹೆಸರಿಗೆ ರಜಾ ಬರಕೋರಿ. ಕೈ ಕೂಡೂತನಕ ಬರಂಗಿಲ್ಲ ನಾ."

ಮೂರ್ತಿ ಸಂತೋಷದಿಂದ ಫೋನು ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಬಹಳ ಹೊತ್ತು ಹುಡುಕಿದರು. "ಇದರಲ್ಲಿ ರಜೆ ಅನ್ನೋ ಗುಂಡಿಯೇ ಇಲ್ಲವಲ್ಲ," ಎಂದರು.

"ಇಲ್ಲಾಂದ್ರ ಮಾಡಸ್ರಿ," ಎಂದಳು ಕಸ್ತೂರಿ. "ನಾಳೆ ನಿಮಗೂ ಬೇಕಾಗತೈತಿ."